ಸೆಮಿಸ್ಟರ್ ಮುಗಿಯುವ ತನಕ ಜೇನು ಪೆಟ್ಟಿಗೆಗಳನ್ನು ನಿಭಾಯಿಸುವ ಬಗ್ಗೆ

ನಿಮ್ಮ ಪ್ರಶ್ನೆಯನ್ನು ಪೂರ್ತಿ ಓದಿದೆ. ಸುಳ್ಯದ ಕಡೆ ಮನೆಯಲ್ಲಿ ಹನ್ನೊಂದು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಿನ ಜೇನುನೊಣ) ಪೆಟ್ಟಿಗೆಗಳು, ಮಂಗಳೂರಿನಲ್ಲಿ ಹಾಸ್ಟೆಲ್ ವಾಸ, ಐದನೆಯ ಸೆಮಿಸ್ಟರು, ಶನಿವಾರ ಊರಿಗೆ ಬಂದು ಭಾನುವಾರ ಸಂಜೆ ಮರಳುವ ಓಡಾಟ. ಇದರ ಮೇಲೆ ಡಿಸೆಂಬರಿನಲ್ಲಿ ನಾಲ್ಕು ಜೇನು ಕುಟುಂಬಗಳನ್ನು ಕೊಡುವುದಾಗಿ ಮಾತು ಕೊಟ್ಟಿದ್ದೀರಿ, ಯಾರು ಫೋನ್ ಮಾಡಿದರೂ ಜೇನು ಹಿಡಿದು ಕೊಡಲು ಹೋಗುತ್ತೀರಿ, ಊರಿನ ಶಾಲೆಯಲ್ಲಿ ಪ್ರಾತ್ಯಕ್ಷಿಕೆಗೂ ಒಪ್ಪಿಕೊಂಡಿದ್ದೀರಿ. ಪೆಟ್ಟಿಗೆಗಳನ್ನೆಲ್ಲ ಮಾರಿಬಿಡಲೇ, ಅಥವಾ ಒಂದು ವಿಷಯದ ಪರೀಕ್ಷೆಯನ್ನು ಈ ಸಲ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಎರಡೂ ಬೇಡ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು, ಮನೆಯಲ್ಲಿ ಜೇನು ಸಾಕುವವನು. ಆದ್ದರಿಂದ ಎರಡೂ ಕಡೆಯ ಲೆಕ್ಕವನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಕಾಲೇಜಿನ ಮಾತು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪದ್ಧತಿಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 50, ಅಂತಿಮ ಪರೀಕ್ಷೆಗೆ 50 ಅಂಕಗಳಿರುವುದರಿಂದ, ಸೆಮಿಸ್ಟರಿನ ಕೊನೆಯ ವಾರಗಳ ಟೆಸ್ಟು, ಅಸೈನ್‌ಮೆಂಟು, ಲ್ಯಾಬ್ ರೆಕಾರ್ಡುಗಳಲ್ಲಿಯೇ ಫಲಿತಾಂಶದ ದೊಡ್ಡ ಪಾಲು ತೀರ್ಮಾನವಾಗಿಬಿಡುತ್ತದೆ. ಹಾಜರಾತಿ ಶೇ. 85 ಇರಬೇಕೆಂಬ ನಿಯಮವೂ ಇದೆ. ಜೇನು ಹಿಡಿಯಲು ಹೋಗಿ ತಪ್ಪಿಸಿಕೊಂಡ ಸೋಮವಾರದ ತರಗತಿಗಳು ಒಟ್ಟಾಗಿ ಕಾಣಿಸಿಕೊಳ್ಳುವುದು ಈ ಹಂತದಲ್ಲಿಯೇ. ಇನ್ನು ಬಿಟ್ಟ ವಿಷಯವು ಮುಂದಿನ ಸೆಮಿಸ್ಟರಿನ ವಿಷಯಗಳ ಜೊತೆ ಸೇರಿ ಜೂನ್–ಜುಲೈ ಮಳೆಗಾಲದಲ್ಲಿ, ಅಂದರೆ ಪೆಟ್ಟಿಗೆಗಳಿಗೆ ಸಕ್ಕರೆ ಪಾಕ ಕೊಡಬೇಕಾದ ಹೊತ್ತಿನಲ್ಲಿ ಎದುರಿಗೆ ನಿಲ್ಲುತ್ತದೆ. ಹಾಗಾಗಿ ಕಡಿಮೆ ಮಾಡಬೇಕಾದದ್ದು ಓದನ್ನಲ್ಲ.

ಜೇನಿನ ಕಡೆ ನಿಮಗೆ ಸಮಾಧಾನ ಕೊಡುವ ಸಂಗತಿಯೊಂದಿದೆ. ನಮ್ಮ ಕಡೆ ಮಳೆ ಸರಿದ ಮೇಲೆ ನವೆಂಬರಿನಿಂದ ಕುಟುಂಬಗಳು ಬೆಳೆಯುತ್ತವೆ, ಡಿಸೆಂಬರ್ ಮತ್ತು ಜನವರಿಯಲ್ಲಿ ಪಾಲಾಗುವ, ಅಂದರೆ ಹಳೆಯ ರಾಣಿ ಒಂದಷ್ಟು ನೊಣಗಳೊಂದಿಗೆ ಹೊರಟು ಕುಟುಂಬ ಎರಡಾಗುವ, ಹುರುಪು ಬರುತ್ತದೆ, ಆದರೆ ರಬ್ಬರಿನ ಹೊಸ ಚಿಗುರಿನಿಂದ ಜೇನು ಇಳಿಯುವುದು ಫೆಬ್ರವರಿ ಹೊತ್ತಿಗೆ. ಪರೀಕ್ಷೆಯ ದಿನಗಳಲ್ಲಿ ನೀವು ಜೇನಿನ ಇಳುವರಿಯನ್ನು ಕಳೆದುಕೊಳ್ಳುತ್ತಿಲ್ಲ. ಕಳೆದುಕೊಳ್ಳುವ ಭಯವಿರುವುದು ಪಾಲಾಗಿ ಹಾರಿಹೋಗುವ ನೊಣಗಳನ್ನು ಮಾತ್ರ. ಜನವರಿ ಕೊನೆಗೆ ಸುಭದ್ರವಾಗಿ ನಿಂತ ಕುಟುಂಬವು ರಬ್ಬರಿನ ಜೇನನ್ನು ಕೂಡಿಡಲು ತಡವಾದದ್ದೇನೂ ಅಲ್ಲ.

ಈಗ ಹೇಳುವುದು ಹಲವರ ಅಭ್ಯಾಸಕ್ಕೆ ವಿರುದ್ಧವಾಗಿ ಕಂಡೀತು. ಪುರುಸೊತ್ತಿಲ್ಲದಾಗ ಸಾಮಾನ್ಯವಾಗಿ ನಾವು ದುರ್ಬಲ ಪೆಟ್ಟಿಗೆಗಳನ್ನು ಯಾರಿಗಾದರೂ ಕೊಟ್ಟು, ತುಂಬಿ ತುಳುಕುವ ಪೆಟ್ಟಿಗೆಗಳನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತೇವೆ. ಆದರೆ ಈ ಋತುವಿನಲ್ಲಿ ಅತಿ ಹೆಚ್ಚು ಕೆಲಸ ಕೇಳುವುದು ಬಲವಾದ ಕುಟುಂಬವೇ, ಏಕೆಂದರೆ ಪಾಲಾಗುವುದು ಅದು. ಆದ್ದರಿಂದ ಅತಿ ಬಲವಾದ ಮೂರು ನಾಲ್ಕು ಪೆಟ್ಟಿಗೆಗಳನ್ನು ಅನುಭವಿಗಳ ತೋಟಕ್ಕೆ ಎರಡು ತಿಂಗಳ ಮಟ್ಟಿಗೆ ಕಳುಹಿಸಿ, ಮಧ್ಯಮ ಬಲದವನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಿ. ದೂರ ಕನಿಷ್ಠ ಎರಡು ಮೂರು ಕಿಲೋಮೀಟರ್ ಇರಲಿ. ಹತ್ತಿರವಾದರೆ ಹೊರಹೋದ ನೊಣಗಳು ಹಳೆಯ ಜಾಗಕ್ಕೇ ಮರಳುತ್ತವೆ. ಆ ಪೆಟ್ಟಿಗೆಗಳು ಪಾಲಾದರೆ ಹೊಸ ಪಾಲು ನೋಡಿಕೊಂಡವರಿಗೆ ಎಂದು ಮೊದಲೇ ಮಾತಾಡಿಕೊಳ್ಳಿ. ಶ್ರಮಪಟ್ಟವರಿಗೆ ಅದು ನ್ಯಾಯವಾದ ಪ್ರತಿಫಲ.

ದುರ್ಬಲವಾದ ಎರಡು ಕುಟುಂಬಗಳಿವೆ ಎಂದಿದ್ದೀರಿ. ಅವನ್ನು ಒಂದು ಮಾಡಿಬಿಡಿ. ಎರಡರಲ್ಲಿ ಕಡಿಮೆಯಾಗಿ ಮೊಟ್ಟೆ ಇಡುತ್ತಿರುವ ರಾಣಿಯನ್ನು ತೆಗೆದು, ಎರಡು ಕೋಣೆಗಳ ನಡುವೆ ಸಣ್ಣ ತೂತುಗಳನ್ನು ಮಾಡಿದ ಪತ್ರಿಕೆಯ ಹಾಳೆಯನ್ನಿಟ್ಟು ಒಂದರ ಮೇಲೊಂದು ಕೂರಿಸಿದರೆ ನೊಣಗಳು ಕಾಗದ ಕಡಿದು ಹಾಕುವಷ್ಟರಲ್ಲಿ ವಾಸನೆ ಬೆರೆತಿರುತ್ತದೆ. ಆದರೆ ಸೇರಿಸುವ ಮೊದಲು ಮರಿಗಳನ್ನು ಕಡ್ಡಾಯವಾಗಿ ನೋಡಿ. ಮುಚ್ಚಳವಿಲ್ಲದ ಕೋಶಗಳಲ್ಲಿ ಮರಿಹುಳು ತಲೆ ಮೇಲೆತ್ತಿ ಸತ್ತಿದ್ದು, ಚಿಮುಟದಿಂದ ಎತ್ತಿದಾಗ ನೀರು ತುಂಬಿದ ಚೀಲದಂತೆ ಬಂದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಸಾಮೂಹಿಕವಾಗಿ ನಾಶಮಾಡಿದ್ದು ಈ ವೈರಸ್ಸೇ. ಅಂಥ ಕುಟುಂಬವನ್ನು ಯಾವುದರ ಜೊತೆಗೂ ಸೇರಿಸಬಾರದು, ಯಾರ ತೋಟಕ್ಕೂ ಕಳುಹಿಸಬಾರದು.

ಇಷ್ಟಾದ ಮೇಲೆ ಮನೆಯಲ್ಲಿ ಆರೇಳು ಪೆಟ್ಟಿಗೆಗಳು ಉಳಿದಾವು. ಅವನ್ನು ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ ಮಾತ್ರ ತೆರೆಯಿರಿ. ಮೊಟ್ಟೆಯಿಟ್ಟ ಸುಮಾರು ಎಂಟು ದಿನಕ್ಕೆ ರಾಣಿ ಕೋಶಕ್ಕೆ (ಹೊಸ ರಾಣಿ ಬೆಳೆಯುವ ಕೋಶ) ಮುಚ್ಚಳ ಬೀಳುವುದರಿಂದ, ಯಾವ ಎರಿಯನ್ನೂ (ನೊಣಗಳು ಕಟ್ಟಿದ ಮೇಣದ ಗೂಡು) ಬಿಡದೆ ನೋಡಿದರೆ ವಾರದ ಅಂತರ ಸಾಕು. ಮೊದಲು ಗಂಡು ನೊಣದ ಕೋಶಗಳನ್ನು ಗಮನಿಸಿ: ತುಡುವೆಯಲ್ಲಿ ಅವುಗಳ ಮುಚ್ಚಳ ಉಬ್ಬಿಕೊಂಡಿದ್ದು, ಅದರ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಅವು ಹೆಚ್ಚಿದರೆ ಆ ಕುಟುಂಬ ಪಾಲಾಗಲು ಸಿದ್ಧವಾಗುತ್ತಿದೆ ಎಂದು ತಿಳಿಯಬೇಕು. ಬಳಿಕ ಎರಿಯ ಕೆಳಅಂಚನ್ನು ಬೆಳಕಿಗೆ ಹಿಡಿದು, ನೊಣಗಳನ್ನು ಮೆಲ್ಲಗೆ ಸರಿಸಿ, ಕೆಳಮುಖವಾಗಿ ಇಳಿಬಿದ್ದ ರಾಣಿ ಕೋಶಗಳನ್ನು ಹುಡುಕಿ ತೆಗೆಯಿರಿ. ತುದಿಯ ಮೇಣವನ್ನು ನೊಣಗಳು ಕೆರೆದು ಕಂದುಬಣ್ಣ ಕಾಣಿಸುತ್ತಿದ್ದರೆ ರಾಣಿ ಹೊರಬರುವ ಹೊತ್ತು ಹತ್ತಿರವಾಗಿದೆ, ಬಹುಶಃ ಹಳೆಯ ರಾಣಿ ಆಗಲೇ ಹೋಗಿರುತ್ತದೆ. ಆಗ ಎಲ್ಲವನ್ನೂ ಕೀಳದೆ ಒಂದು ಒಳ್ಳೆಯ ಕೋಶವನ್ನು ಉಳಿಸಿ. ಕೋಶ ಕೀಳುವುದು ತಾತ್ಕಾಲಿಕ ಉಪಾಯವೇ ಹೊರತು ಪರಿಹಾರವಲ್ಲ, ಆದ್ದರಿಂದ ಜೊತೆಗೆ ಸ್ಥಳಾವಕಾಶವನ್ನೂ ಕೊಡಿ, ಅಂದರೆ ಖಾಲಿ ಚೌಕಟ್ಟುಗಳನ್ನು ಸೇರಿಸಿ, ಜೇನು ಕೋಣೆಯನ್ನು ಈಗಲೇ ಮೇಲಿಡಿ.

ನಡುವಿನ ದಿನಗಳಲ್ಲಿ ನಿಮ್ಮ ಅಮ್ಮನವರು ಮುಚ್ಚಳ ತೆರೆಯುವ ಅಗತ್ಯವೇ ಇಲ್ಲ. ಬೆಳಗ್ಗೆ ನೊಣಗಳು ಕಾಲಿನಲ್ಲಿ ಪರಾಗ ತರುತ್ತಿವೆಯೇ, ಸ್ಟ್ಯಾಂಡಿನ ಕಾಲಿನ ಬಟ್ಟಲುಗಳಲ್ಲಿ ನೀರಿದೆಯೇ, ಬೆಳೆದ ಹುಲ್ಲು ಪೆಟ್ಟಿಗೆಗೆ ತಾಗಿ ಇರುವೆಗಳಿಗೆ ಸೇತುವೆಯಾಗಿದೆಯೇ, ಇಷ್ಟನ್ನು ನೋಡಿ ಫೋನಿನಲ್ಲಿ ತಿಳಿಸಿದರೆ ಸಾಕು. ಹಳೆಯ ಎರಿಯ ಮೇಣ ಸವರಿದ ಖಾಲಿ ಪೆಟ್ಟಿಗೆಗಳನ್ನು ತೋಟದ ಅಂಚಿನಲ್ಲಿ ಇಟ್ಟಿದ್ದರೆ, ಹೊರಟ ಪಾಲು ಅಲ್ಲಿ ಬಂದು ಕೂರುವ ಸಾಧ್ಯತೆಯೂ ಇದೆ. ಅಷ್ಟೆಲ್ಲ ಮಾಡಿಯೂ ಒಂದು ಪಾಲು ಕಾಡಿಗೆ ಹೋದರೆ ಹೋಗಲಿ. ಪರೀಕ್ಷೆಯ ಹಿಂದಿನ ದಿನ ಅದನ್ನು ಹಿಡಿಯಲು ಬಸ್ಸು ಹತ್ತಬೇಡಿ.

ಇನ್ನು ಕೊಟ್ಟ ಮಾತುಗಳು. ನಿಮ್ಮನ್ನು ನಿಜವಾಗಿ ದಣಿಸುತ್ತಿರುವುದು ಪೆಟ್ಟಿಗೆಗಳಿಗಿಂತ ಹೆಚ್ಚಾಗಿ ಇವೇ ಎಂದು ನಿಮ್ಮ ಬರಹದಿಂದ ನನಗೆ ಅನಿಸಿತು. ಒಂದು ಕುಟುಂಬವನ್ನು ಪಾಲು ಮಾಡಿದರೆ, ರಾಣಿಯಿಲ್ಲದ ಅರ್ಧದಲ್ಲಿ ಹೊಸ ರಾಣಿ ಹುಟ್ಟಿ, ಹಾರಾಡಿ ಕೂಡಿ ಬಂದು ಮೊಟ್ಟೆ ಇಡುವವರೆಗೆ ಮೂರು ನಾಲ್ಕು ವಾರ ನಿಗಾ ಬೇಕು. ಪರೀಕ್ಷೆಯ ನಡುವೆ ನಾಲ್ಕು ಪಾಲು ಮಾಡಿ ಕೊಡುವುದು ಸಾಧ್ಯವಾಗುವ ಕೆಲಸವಲ್ಲ. ನಾಲ್ವರಿಗೂ ಈ ವಾರವೇ ಫೋನ್ ಮಾಡಿ, ಕುಟುಂಬ ಫೆಬ್ರವರಿಯಲ್ಲಿ ಸಿಗುತ್ತದೆ, ಅವಸರವಿದ್ದರೆ ಮುಂಗಡವನ್ನು ಈಗಲೇ ಹಿಂದಿರುಗಿಸುತ್ತೇನೆ ಎಂದು ಸ್ಪಷ್ಟವಾಗಿ ಹೇಳಿ. "ನೋಡೋಣ, ಪ್ರಯತ್ನ ಮಾಡ್ತೇನೆ" ಎಂದು ಹೇಳಿದರೆ ಅವರೂ ಕಾಯುತ್ತಾರೆ, ನಿಮ್ಮ ಮನಸ್ಸಿನಲ್ಲೂ ಆ ಭಾರ ಉಳಿಯುತ್ತದೆ. ಜೇನು ಹಿಡಿಯುವ ಕರೆಗಳಿಗೆ ಜೇನು ಸಾಕುವವರ ನಮ್ಮ ಈ ಗುಂಪಿನಲ್ಲಿರುವ ನಿಮ್ಮ ತಾಲ್ಲೂಕಿನ ಇಬ್ಬರು ಮೂವರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಸೂಚಿಸಿರಿ. ಶಾಲೆಯ ಮುಖ್ಯೋಪಾಧ್ಯಾಯರಿಗೆ ದಿನಾಂಕ ಬದಲಾಯಿಸಲು ಒಂದು ಪತ್ರ ಬರೆದರೆ ಸಾಕು. ಫೆಬ್ರವರಿಯಲ್ಲಿ ಆದರೆ ಮಕ್ಕಳಿಗೆ ತುಂಬಿದ ಎರಿಯನ್ನೇ ತೋರಿಸಬಹುದು.

ಕಳುಹಿಸಬೇಕಾದ ಬಲವಾದ ಪೆಟ್ಟಿಗೆಗಳಲ್ಲಿ ಎರಡಕ್ಕೆ ನನ್ನ ತೋಟದಲ್ಲಿ ಸ್ಟ್ಯಾಂಡು ಸಿದ್ಧವಿದೆ. ತರುವುದಾದರೆ ಕತ್ತಲಾದ ಮೇಲೆ, ನೊಣಗಳೆಲ್ಲ ಒಳಸೇರಿದ್ದನ್ನು ನೋಡಿಕೊಂಡು, ಬಾಗಿಲಿಗೆ ಗಾಳಿಯಾಡುವ ಜಾಲರಿ ಕಟ್ಟಿ, ಚೌಕಟ್ಟುಗಳು ಅಲುಗಾಡದಂತೆ ಭದ್ರಪಡಿಸಿ, ಅಡಿಮಣೆಯಿಂದ ಮುಚ್ಚಳದವರೆಗೆ ಹಗ್ಗ ಬಿಗಿದು ತನ್ನಿ. ಪ್ರತಿ ಪೆಟ್ಟಿಗೆಯ ಮೇಲೆ ರಾಣಿ ಯಾವ ವರ್ಷದ್ದು, ಕೊನೆಯ ಸಲ ತೆರೆದು ನೋಡಿದ್ದು ಯಾವತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಿರಿ. ಬರುವ ಶನಿವಾರ ಸಂಜೆ ಆರೂವರೆಯ ನಂತರ ನಾನು ಮನೆಯಲ್ಲಿಯೇ ಇರುತ್ತೇನೆ.