ಅವರೆಬೇಳೆಯ ತಟ್ಟೆಯ ಮುಂದೆ ಮಗಳು ಹೇಳಿದ ಮಾತು

ಜೂನ್‌ನಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಎಂಟು ವರ್ಷದ ಮಗ ಮಂಕಾಗಿದ್ದಾನೆ, ಫ್ರಿಜ್ಜಿನ ಮೇಲೆ ನಗುಮುಖ, ಅಳುಮುಖಗಳ ಪಟ ಅಂಟಿಸಿ ದಿನವೂ ರಾತ್ರಿ ಅರ್ಧ ಗಂಟೆ ಎದುರಿಗೆ ಕೂರಿಸಿಕೊಂಡು ಕೇಳಿದರೂ ‘ಏನಿಲ್ಲ’ ಎನ್ನುತ್ತಾನೆ, ಇನ್ನು ಯಾವ ಚಟುವಟಿಕೆ ಮಾಡಿಸಬೇಕು, ಎಷ್ಟು ವಾರ ಹಿಡಿಯುತ್ತದೆ ಎಂದು ಕೇಳಿದ್ದೀರಿ. ಆ ‘ಏನಿಲ್ಲ’ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ಅದು ಒಂದು ವರ್ಷಕ್ಕೂ ಮೀರಿ ನಿಂತಿತ್ತು. ಅದಕ್ಕೆ ಕಾರಣ ನಾನು.

2014ರ ಜೂನ್‌ನಲ್ಲಿ ನನಗೆ ವರ್ಗವಾಗಿ ನಾವು ಧಾರವಾಡದಿಂದ ಮೈಸೂರಿಗೆ ಬಂದೆವು. ಮಗಳು ಆಗ ನಾಲ್ಕನೆಯ ತರಗತಿ. ದೀಪಾವಳಿಯ ಹೊತ್ತಿಗೆ ಅವಳ ದನಿಯೇ ಸಣ್ಣದಾಗಿತ್ತು. ಊಟದ ಡಬ್ಬಿ ಅರ್ಧ ತುಂಬಿಕೊಂಡೇ ಮನೆಗೆ ಬರುತ್ತಿತ್ತು, ನೀರಿನ ಬಾಟಲಿಯನ್ನಂತೂ ಅವಳು ಮುಟ್ಟುತ್ತಲೇ ಇರಲಿಲ್ಲ, ಭಾನುವಾರ ರಾತ್ರಿಯಾದರೆ ಹೊಟ್ಟೆನೋವು ಎನ್ನುತ್ತಿದ್ದಳು. ನಾವೂ ನಿಮ್ಮಂತೆಯೇ ಮುಖಾಮುಖಿ ಕೂರಿಸಿಕೊಂಡು ಕೇಳಿದೆವು, ರಮಿಸಿದೆವು, ಒಮ್ಮೊಮ್ಮೆ ಗದರಿದೆವು. ಏನೂ ಗಿಟ್ಟಲಿಲ್ಲ.

ಜನವರಿಯಲ್ಲಿ ಅವರೆಕಾಯಿಯ ಕಾಲ. ಕೆಳಗಿನ ಮನೆಯಲ್ಲಿದ್ದ ಮಾಲೀಕರ ತಾಯಿ ಒಂದು ದೊಡ್ಡ ಪಾತ್ರೆಯ ತುಂಬ ನೆನೆಸಿದ ಅವರೆಕಾಳನ್ನು ತಂದುಕೊಟ್ಟು, ಹಿತಕಿದ ಬೇಳೆಯ ಸಾರು ಮಾಡಿ ನೋಡಿ ಎಂದರು. ನಮ್ಮ ಕಡೆ ಅದರ ರೂಢಿ ಇರಲಿಲ್ಲವಾದ್ದರಿಂದ ಹಿತಕುವುದು ಹೇಗೆಂದು ಅವರೇ ತೋರಿಸಿಕೊಟ್ಟರು. ನೆನೆದ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪುಳಕ್ಕನೆ ಜಾರಿ ತಟ್ಟೆಗೆ ಬೀಳುತ್ತದೆ, ಸ್ವಲ್ಪ ಜೋರಾದರೆ ಎದುರಿಗಿದ್ದವರ ಕನ್ನಡಕಕ್ಕೆ ಹಾರುತ್ತದೆ. ಅಂದು ಸಂಜೆ ಮಗಳು ತಾನಾಗಿ ಬಂದು ನನ್ನ ಪಕ್ಕದಲ್ಲಿ ಕೂತಳು. ಅರ್ಧ ತಟ್ಟೆ ತುಂಬುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳು ಕಾಳಿನ ಮೇಲಿನ ಕಣ್ಣು ತೆಗೆಯದೆ ಹೇಳಿದಳು: “ಅಪ್ಪಾ, ನಾ ಬಾಯಿ ತೆಗದ್ರ ಕ್ಲಾಸಿನ್ಯಾಗ ಎಲ್ಲಾರೂ ನಗತಾರ.”

ಒಂದೊಂದು ಕಾಳಿಗೆ ಒಂದೊಂದು ಮಾತಿನಂತೆ ಉಳಿದದ್ದೂ ಬಂತು. ಶೌಚಾಲಯಕ್ಕೆ ಹೋಗಲು ಎದ್ದುನಿಂತು “ಹೋಗಿ ಬರ್ತೀನ್ರಿ ಟೀಚರ್” ಎಂದು ಅವಳು ಕೇಳಿದ ದಿನ ಹಿಂದಿನ ಬೆಂಚಿನ ಹುಡುಗರು ಅದನ್ನೇ ರಾಗವಾಗಿ ಸಂಜೆಯ ತನಕ ಹೇಳಿದ್ದರಂತೆ. ಅಂದಿನಿಂದ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆಯ ತನಕ ತಡೆದುಕೊಂಡು ಕೂರುತ್ತಿದ್ದಳು, ನೀರು ಕುಡಿಯದಿದ್ದದ್ದೂ ಅದಕ್ಕಾಗಿಯೇ.

ಇನ್ನು ನಾನು ಮಾಡಿದ ತಪ್ಪು. ಮರುದಿನ ಹತ್ತು ಗಂಟೆಯೊಳಗೆ ತರಗತಿಯ ಶಿಕ್ಷಕಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಆ ಮಧ್ಯಾಹ್ನ ನನ್ನ ಮಗಳನ್ನು ತರಗತಿಯ ಮುಂದೆ ನಿಲ್ಲಿಸಿ, ಇವಳ ಮಾತಿಗೆ ಇನ್ನು ಮೇಲೆ ಯಾರೂ ನಗಬಾರದು ಎಂದರು. ಆ ಭಾನುವಾರ ಮನೆಗೆ ಬಂದ ನೆಂಟರ ಮುಂದೆ ನಾನೂ ಅದೇ ಸಂಗತಿಯನ್ನು, ಅವಳು ಅಲ್ಲೇ ಬಾಗಿಲ ಬಳಿ ನಿಂತಿರುವಾಗ, ಮೈಸೂರಿನವರಿಗೆ ನಮ್ಮ ಭಾಷೆ ಹೇಗೆ ಕೇಳಿಸುತ್ತದೆ ಎಂಬ ಚರ್ಚೆಗೆ ಉದಾಹರಣೆಯಾಗಿ ಹೇಳಿದೆ. ರಾತ್ರಿ ಮಲಗುವ ಮುನ್ನ ಅವಳು ಹೇಳಿದ್ದು ಇಷ್ಟೇ: “ನಾ ನಿಮಗಷ್ಟ ಹೇಳಿದ್ದೆ.” ಮುಂದಿನ ವಾರ ಮತ್ತೆ ಕಾಳು ನೆನೆಸಿ ತಟ್ಟೆ ಇಟ್ಟಾಗ, ಹೋಮ್‌ವರ್ಕ್ ಇದೆ ಎಂದು ಒಳಗೆ ಹೋದಳು.

ಶಿಕ್ಷಕಿಗೆ ತಿಳಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ತಿಳಿಸಲೇಬೇಕಿತ್ತು. ಅವಳನ್ನು ಕೇಳದೆ ತಿಳಿಸಿದ್ದು ತಪ್ಪು. ‘ಇದನ್ನು ಟೀಚರಿಗೆ ಹೇಳಲೇ? ನಾನು ಹೇಳಲೋ, ಇಬ್ಬರೂ ಸೇರಿ ಹೇಳೋಣವೋ, ಅವರು ಏನು ಮಾಡಿದರೆ ನಿನಗೆ ಸಮಾಧಾನ?’ ಎಂದು ಆ ರಾತ್ರಿ ಅವಳ ಪಕ್ಕದಲ್ಲೇ ಕೂತು ಕೇಳಿದ್ದರೆ, ಎದ್ದುನಿಂತು ಕೇಳದೆ ಸುಮ್ಮನೆ ಕೈಯೆತ್ತಿ ಹೊರಗೆ ಹೋಗಿಬರಲು ಬಿಟ್ಟರೆ ಸಾಕು ಎಂದು ಬಹುಶಃ ಅವಳೇ ಹೇಳುತ್ತಿದ್ದಳು, ಶಿಕ್ಷಕಿಯೂ ಯಾರ ಹೆಸರನ್ನೂ ಎತ್ತದೆ ಇಡೀ ತರಗತಿಗೆ ಆ ನಿಯಮ ಮಾಡಬಹುದಿತ್ತು. ಮಗು ಸಂಕಟ ಹೇಳಿಕೊಂಡಾಗ ತಂದೆತಾಯಿಯ ಕೈ ಫೋನಿನ ಕಡೆಗೆ ಹೋಗುವುದು ಸಹಜ, ಆದರೆ ಆ ಆತುರದಲ್ಲಿ ಹಗುರಾಗುವುದು ನಮ್ಮ ಎದೆಯೇ ಹೊರತು ಮಗುವಿನದಲ್ಲ. ನನ್ನದು ಆ ದಿನ ಹಗುರಾಗಿತ್ತು ಎಂಬುದು ಇಂದಿಗೂ ನೆನಪಿದೆ.

ಆಮೇಲೆ ನಾನು ಏನೇನು ಮಾಡಿದರೂ ಅವಳು ಬಾಯಿ ಬಿಡಲಿಲ್ಲ. 2016ರ ಬೇಸಿಗೆಯಲ್ಲಿ ನನ್ನ ತಾಯಿ ಧಾರವಾಡದಿಂದ ಬಂದರು. ಅವರು ಹಜಾರದ ನೆಲದ ಮೇಲೆ ಸೀಮೆಸುಣ್ಣದಿಂದ ಐದಕ್ಕೈದು ಮನೆಗಳ ಚೌಕಾಬಾರಾ ಬರೆದು, ಹುಣಸೆ ಬೀಜಗಳನ್ನು ಒಂದು ಬದಿ ಬೆಳ್ಳಗಾಗುವಂತೆ ತಿಕ್ಕಿ, ದಿನವೂ ಊಟವಾದ ಮೇಲೆ ಮೊಮ್ಮಗಳೊಡನೆ ಆಡಲು ಕೂತರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಿಂದ ಮಣೆಯಾಟಗಳಿಗೆ ಹೆಸರಾದ ಊರಿನಲ್ಲಿದ್ದುಕೊಂಡು ನಾವು ಆ ಆಟವನ್ನು ಧಾರವಾಡದ ಅಜ್ಜಿಯಿಂದ ಕಲಿಯಬೇಕಾಯಿತು. ನಾಲ್ಕೂ ಬೀಜ ಬೆಳ್ಳಗೆ ಬಿದ್ದರೆ ಚೌಕಾ, ನಾಲ್ಕೂ ಕಪ್ಪಗೆ ಬಿದ್ದರೆ ಬಾರಾ. ಅಮ್ಮ ಶಾಲೆಯ ವಿಷಯವನ್ನು ಒಂದು ದಿನವೂ ಕೇಳಲಿಲ್ಲ, ಕಾಯಿ ಕಡಿದರೆ ಮಾತ್ರ ಜಗಳವಾಡಿದರು. ಎರಡನೆಯ ವಾರದಲ್ಲಿ ಮಗಳು ಆಟದ ನಡುವೆ ಶಾಲೆಯ ಕಥೆ ಹೇಳುತ್ತಿರುವುದು ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಬಿತ್ತು. ನಾನು ಹೊರಗೆ ಬರಲಿಲ್ಲ, ತಾಯಿಯನ್ನು ಆಮೇಲೆ ಕೇಳಲೂ ಇಲ್ಲ. ಮೇ ಕೊನೆಯಲ್ಲಿ ಒಂದು ರಾತ್ರಿ ಅವಳೇ ನನ್ನನ್ನೂ ಆಟಕ್ಕೆ ಕರೆದಳು. ಬೀಜ ಉರುಳಿಸುತ್ತ, “ನಿಮಗೂ ಒಂದ್ ಹೇಳ್ತೀನಿ, ಆದ್ರ ಯಾರಿಗೂ ಫೋನ್ ಮಾಡಬ್ಯಾಡ್ರಿ” ಎಂದಳು.

ಆದ್ದರಿಂದ ನಿಮ್ಮ ಮನೆಯಲ್ಲಿ ಚಟುವಟಿಕೆಗಳು ಸಾಲದಾಗಿವೆ ಎಂಬುದನ್ನು ನಾನು ಒಪ್ಪುವುದಿಲ್ಲ. ಆ ಪಟವನ್ನು ಇಂದೇ ತೆಗೆಯಿರಿ. ಎದುರಿಗೆ ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು, ಗಡಿಯಾರ ನೋಡಿಕೊಂಡು ಕೇಳಿದರೆ ಮಗುವಿಗೆ ಅದು ವಿಚಾರಣೆ. ಇಬ್ಬರೂ ಕೆಲಸಕ್ಕೆ ಹೋಗುವವರು ಸಮಯ ಎಲ್ಲಿಂದ ತರುವುದು ಎಂದಿದ್ದೀರಿ. ಸೊಪ್ಪು ಬಿಡಿಸುವುದು, ಒಣಗಿದ ಬಟ್ಟೆ ಮಡಿಸುವುದು, ಚಪಾತಿ ಹಿಟ್ಟಿಗೆ ಉಂಡೆ ಕಟ್ಟುವುದು ಹೇಗೂ ನಡೆಯಲೇಬೇಕಲ್ಲ, ಅದರಲ್ಲೇ ಅವನಿಗೂ ಒಂದು ಪಾಲು ಕೊಡಿ. ಅಕ್ಕಪಕ್ಕ ಕೂತು ಕೈಕೆಲಸ ಮಾಡುವಾಗ ಕಣ್ಣು ಕೆಲಸದ ಮೇಲಿರುತ್ತದೆ, ಬೇಡವೆನಿಸಿದ ಕ್ಷಣ ಮಗು ಮಾತು ನಿಲ್ಲಿಸಿ ಇನ್ನೊಂದು ಕಾಳನ್ನು ಎತ್ತಿಕೊಳ್ಳಬಹುದು. ಆ ಹೊತ್ತನ್ನು ನೀತಿಪಾಠಕ್ಕೋ ಮಗ್ಗಿ ಒಪ್ಪಿಸುವುದಕ್ಕೋ ಬಳಸಿಕೊಳ್ಳಬೇಡಿ.

ಒಂದು ಸಂಗತಿಯಲ್ಲಿ ಮಾತ್ರ ಮಗುವಿನ ಗುಟ್ಟನ್ನು ಕಾಯುವಂತಿಲ್ಲ. ಯಾರಾದರೂ ಕೆಟ್ಟದಾಗಿ ಮುಟ್ಟಿದ್ದಾರೆ, ಹಿಂಸಿಸಿದ್ದಾರೆ ಎಂದು ಮಗು ಹೇಳಿದರೆ, ಅದನ್ನು ಹೇಳಲೇಬೇಕೆಂದು ಮೊದಲು ಮಗುವಿಗೇ ತಿಳಿಸಿ, ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಊಟ, ನಿದ್ದೆ ಕೆಟ್ಟು ವಾರಗಳಾಗಿದ್ದರೆ, ಶಾಲೆಗೆ ಹೋಗಲಾರೆನೆಂದು ಹಟ ಹಿಡಿದರೆ ಕಾಳು ಬಿಡಿಸುತ್ತ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ನಿಮ್ಮ ಊರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯಕೀಯ ವಿಭಾಗವಿದೆ.

ಎಷ್ಟು ವಾರ ಎಂದು ಕೇಳಿದ್ದೀರಿ. ನಮಗೆ 2015ರ ಜನವರಿಯಿಂದ 2016ರ ಮೇ ತನಕ, ಹದಿನಾರು ತಿಂಗಳು ಹಿಡಿಯಿತು. ನಿಮ್ಮ ಮಗ ನಂಬಿ ಹೇಳಿದ ಮಾತೊಂದನ್ನು ನೀವಿನ್ನೂ ಕೆಡಿಸಿಲ್ಲವಾದ್ದರಿಂದ ನಿಮಗೆ ಅಷ್ಟು ಬೇಕಾಗಲಾರದು. ಈ ಭಾನುವಾರ ಎರಡು ಕಟ್ಟು ಮೆಂತ್ಯ ಸೊಪ್ಪು ತಂದು ನೆಲದ ಮೇಲೆ ಪೇಪರ್ ಹಾಸಿ ಬಿಡಿಸಲು ಕೂರಿ. ಅವನನ್ನು ಕರೆಯಬೇಡಿ. ತಾನಾಗಿ ಬಂದು ಕೂತರೆ ಒಂದು ಕಟ್ಟನ್ನು ಅವನ ಕಡೆಗೆ ಸರಿಸಿ.