ಕೇಳಿ, ಹೇಳುತ್ತೇವೆ: ಮಂಗಳೂರಿನ ಹಳೇ ಬಂದರಿನಲ್ಲಿ ನಡಿಗೆ

ಪ್ರಶ್ನೆ: ನಮ್ಮ ಕಾಲೇಜಿನ 24 ವಿದ್ಯಾರ್ಥಿಗಳಿಗೆ ಧಕ್ಕೆ (ಮೀನಿನ ಬೋಟುಗಳು ನಿಲ್ಲುವ ಕಟ್ಟೆ), ಬಂದರು, ರಥಬೀದಿ ತೋರಿಸಬೇಕೆಂದಿದ್ದೇವೆ. ಬೆಳಿಗ್ಗೆ ಹತ್ತಕ್ಕೆ ಹೊರಟರೆ ಸಾಕೇ? – ಓದುಗರು, ಪುತ್ತೂರು

ಉತ್ತರ: ಹತ್ತು ಗಂಟೆಗೆ ತುಂಬ ತಡವಾಗುತ್ತದೆ. ಅಷ್ಟರಲ್ಲಿ ಧಕ್ಕೆಯ ಮೀನಿನ ಏಲಂ ಮುಗಿಯುತ್ತಾ ಬಂದಿರುತ್ತದೆ, ಬಂದರಿನ ಗಲ್ಲಿಗಳಲ್ಲಿ ಲಾರಿಗಳು ಸರಕು ಇಳಿಸಲು ಶುರುಮಾಡಿರುತ್ತವೆ. ಆ ಗಲ್ಲಿಗಳಲ್ಲಿ ಲಾರಿಯೊಂದು ನಿಂತರೆ ಪಕ್ಕದಲ್ಲಿ ಒಬ್ಬರು ದಾಟುವುದೇ ಕಷ್ಟ. ಹಾಗಾಗಿ ಆರೂವರೆಗೆಲ್ಲ ಧಕ್ಕೆಯಲ್ಲಿರಿ. ಏಳೂವರೆಯ ಹೊತ್ತಿಗೆ ಬಂದರಿನ ಗೋದಾಮುಗಳತ್ತ ಹೊರಟು, ಒಂಬತ್ತಕ್ಕೆ ರಥಬೀದಿಯ ವೆಂಕಟರಮಣ ದೇವಸ್ಥಾನದ ಬಳಿ ಮುಗಿಸಿ. ಭಾನುವಾರ ಗಲ್ಲಿಗಳು ಖಾಲಿಯಿರುತ್ತವೆ ನಿಜ, ಆದರೆ ಮಂಡಿಗಳ (ಸಗಟು ಅಂಗಡಿಗಳ) ಬಾಗಿಲೂ ಮುಚ್ಚಿರುತ್ತದೆ. ಬರೀ ಗೋಡೆ ನೋಡಿ ಬರುವುದಕ್ಕಿಂತ ವಾರದ ದಿನವೇ ಮೇಲು.

24 ಮಂದಿಯನ್ನು ಒಂದೇ ಗುಂಪಾಗಿ ಕರೆದೊಯ್ಯಬೇಡಿ. ಹನ್ನೆರಡರಂತೆ ಎರಡು ಗುಂಪು ಮಾಡಿ, ಇಪ್ಪತ್ತು ನಿಮಿಷದ ಅಂತರದಲ್ಲಿ ಬಿಡಿ. ಪ್ರತಿ ಗುಂಪಿಗೂ ಮುಂದೆ ಒಬ್ಬರು ವಿವರಿಸುವವರು, ಕೊನೆಯಲ್ಲಿ ಒಬ್ಬರು ಕಾಯುವವರು ಇರಲಿ. ಕೈ ಮೈಕ್ ಬೇಡ. ಅಂಗಡಿಯವರಿಗೆ ಕಿರಿಕಿರಿ, ಹಿಂದಿದ್ದವರಿಗೆ ಹೇಗೂ ಕೇಳಿಸುವುದಿಲ್ಲ. ಎಲ್ಲರನ್ನೂ ಒಂದು ಬದಿಗೆ ನಿಲ್ಲಿಸಿ ಮೂರು ನಿಮಿಷದೊಳಗೆ ಮಾತು ಮುಗಿಸಿ.

ಧಕ್ಕೆಯ ನೆಲ ನೀರು, ಮಂಜುಗಡ್ಡೆ, ಮೀನಿನ ಲೋಳೆಯಿಂದ ಜಾರುತ್ತದೆ. ಹವಾಯಿ ಚಪ್ಪಲಿ ಹಾಕಿದವರೇ ಮೊದಲು ಬೀಳುವುದು. ತಲೆಯ ಮೇಲೆ ಬುಟ್ಟಿ ಹೊತ್ತು ಬರುವವರು ನಿಮಗಾಗಿ ನಿಲ್ಲಲಾರರು, ದಾರಿ ಬಿಡಬೇಕಾದವರು ನೀವೇ. ಅಲ್ಲಿ ದುಡಿಯುವವರ ಫೋಟೊ ತೆಗೆಯುವ ಮುನ್ನ ಅವರನ್ನು ಕೇಳಿ. ಇದನ್ನು ವಿದ್ಯಾರ್ಥಿಗಳಿಗೆ ಹೊರಡುವ ಮೊದಲೇ ಹೇಳಿಡಿ.

ಪ್ರಶ್ನೆ: ಬಂದರಿನ ಹಳೇ ಗೋದಾಮೊಂದರ ಹಂಚಿನಲ್ಲಿ 1865 ಎಂದು ಅಚ್ಚಾಗಿತ್ತು. ಆ ಕಟ್ಟಡ 1865ರದ್ದು ಎಂದು ಗೈಡ್ ಹೇಳಿದರು. ಸರಿಯೇ? – ಓದುಗರು, ಶಿವಮೊಗ್ಗ

ಉತ್ತರ: ಸರಿಯಲ್ಲ. ನಡಿಗೆಗಳಲ್ಲಿ ಸುಲಭವಾಗಿ ನುಸುಳುವ ತಪ್ಪಿದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ 1865. ಅದನ್ನೇ ಗುರುತಾಗಿ ಮುಂದಿನ ಎಷ್ಟೋ ವರ್ಷ ಹಂಚಿನ ಮೇಲೆ ಒತ್ತುತ್ತಾ ಬಂದರು. ಆಲ್ಬುಕರ್ಕ್ ಎಂಬ ಇನ್ನೊಂದು ಕಾರ್ಖಾನೆಯ ಹಂಚಿನಲ್ಲಿ ಕಾಣುವ 1868 ಕೂಡ ಹಾಗೆಯೇ, ಆ ಕಾರ್ಖಾನೆ ಹುಟ್ಟಿದ ವರ್ಷ. ಹಂಚು ಬೆಂದ ವರ್ಷವಾಗಲಿ ಕಟ್ಟಡ ಎದ್ದ ವರ್ಷವಾಗಲಿ ಅದರಿಂದ ತಿಳಿಯದು. ಹಂಚಿನ ಮೇಲೆ 1865ರ ಗುರುತಿದ್ದರೆ, ಆ ಹಂಚು 1865ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು.

ಮತ್ತೇನು ನೋಡಬೇಕು? ಮಾಲೀಕರ ಒಪ್ಪಿಗೆ ಪಡೆದು ಒಳಗೆ ನಿಂತು ಮಾಡನ್ನು (ಛಾವಣಿಯನ್ನು) ಕೆಳಗಿನಿಂದ ನೋಡಿ. ಪಕ್ಕಾಸಿನ (ಇಳಿಜಾರಾಗಿ ಹಾಕಿದ ಮರದ ತೊಲೆಯ) ಮೇಲೆ ಅಡ್ಡ ಹೊಡೆದ ರೀಪುಗಳ (ಮರದ ಪಟ್ಟಿಗಳ) ನಡುವೆ ಹಂಚಿನ ಹಿಂಬದಿ ಕಾಣುತ್ತದೆ, ಕಾರ್ಖಾನೆಯ ಹೆಸರು ಹೆಚ್ಚಾಗಿ ಅಲ್ಲೇ ಇರುವುದು. ನಾಲ್ಕಾರು ಕಾರ್ಖಾನೆಗಳ ಹೆಸರು ಬೆರೆತಿದ್ದರೆ, ಒಡೆದ ಹಂಚಿನ ಜಾಗಕ್ಕೆ ಸಿಕ್ಕಿದ್ದನ್ನು ಹೊದಿಸುತ್ತಾ ಬಂದಿದ್ದಾರೆ ಎಂದರ್ಥ. ಇಡೀ ಮಾಡಿನಲ್ಲಿ ಒಂದೇ ಹೆಸರಿದ್ದರೆ ಒಂದೇ ಸಲ ಹೊದಿಸಿರುವ ಸಾಧ್ಯತೆ ಹೆಚ್ಚು. ಆದರೂ ಕಟ್ಟಡದ ಕಾಲ ನಿರ್ಧರಿಸಲು ದಾಖಲೆಪತ್ರವೇ ಬೇಕು. ಮಾಡು ಬದಲಾಗಿ ಗೋಡೆ ಹಾಗೇ ಉಳಿದಿರಬಹುದಲ್ಲ.

ಪ್ರಶ್ನೆ: ಬಂದರಿನ ಝೀನತ್ ಬಕ್ಷ್ ಮಸೀದಿಯನ್ನು ಒಳಗಿನಿಂದ ನೋಡಬಹುದೇ? – ಓದುಗರು, ಹಾಸನ

ಉತ್ತರ: ಮರದ ಕೆತ್ತನೆಯ ಕಂಬಗಳು ನೋಡಲೇಬೇಕಾದವು. ಗುಂಪಾಗಿ ಹೋಗುವುದಿದ್ದರೆ ಮಸೀದಿಯವರನ್ನು ಮೊದಲೇ ವಿಚಾರಿಸಿ, ಮಹಿಳೆಯರು ಜೊತೆಗಿದ್ದಾರೆಂಬುದನ್ನೂ ತಿಳಿಸಿ. ನಮಾಜಿನ ಹೊತ್ತು, ಶುಕ್ರವಾರ ಮಧ್ಯಾಹ್ನ ಬೇಡ. ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ.

ಪ್ರಶ್ನೆ: ಮಳೆಗಾಲದಲ್ಲಿ ಬಂದರೆ ನಷ್ಟವೇ? – ಓದುಗರು, ದುಬೈ

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಏಲಂನ ಗದ್ದಲ ಇರದು. ಆದರೆ ಬೋಟುಗಳೆಲ್ಲ ದಡದಲ್ಲಿ ಸಾಲಾಗಿ ಕಟ್ಟಿ ನಿಂತಿರುತ್ತವೆ, ಬಲೆ ಹೆಣೆಯುವ ಕೆಲಸವನ್ನು ಆಗಲೇ ಹತ್ತಿರದಿಂದ ನೋಡಬಹುದು. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳನ್ನು (ಮರದ ಹಡಗುಗಳನ್ನು) ನೋಡುವ ಆಸೆಯಿದ್ದರೆ ಮಳೆಗಾಲ ಮುಗಿಯಲಿ. ಸೆಪ್ಟೆಂಬರ್ ಮಧ್ಯದ ನಂತರವೇ ಅವು ಕಡಲಿಗಿಳಿಯುವುದು. ಸರಕಿನ ಧಕ್ಕೆಯ ಗೇಟಿನಲ್ಲಿ ಕೇಳಿಯೇ ಒಳಗೆ ಹೋಗಿ.