‘ಕಾಕಾ, ಮೊದ್ಲು ಕಾಗುಣಿತ ಕಲೀರಿ’

ಈ ವಾರದ ಪತ್ರ ಹುಬ್ಬಳ್ಳಿಯಿಂದ ಬಂದಿದೆ. ಬರೆದವನಿಗೆ 34 ವರ್ಷ, ಹುಟ್ಟೂರು ಗದಗ. ಹೆಸರು ಹಾಕಬೇಡಿ ಎಂದಿದ್ದಾನೆ. ಪತ್ರ ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಸಂಗತಿ ಇಷ್ಟು. ತಂದೆ ತೀರಿಕೊಂಡು ಹನ್ನೊಂದು ವರ್ಷ ಆಯಿತು. ಅವ್ವ ಇವನ ಜೊತೆ ಹುಬ್ಬಳ್ಳಿಯಲ್ಲಿದ್ದಾಳೆ. ಗದಗದಲ್ಲಿ ತಂದೆಯ ತಮ್ಮ, ಕಾಕಾ, ಇದ್ದಾರೆ. ವಯಸ್ಸು 67. ‘ಪ್ರೆಸ್ಸಿನಲ್ಲಿ ಇದ್ದರು, ಈಗ ಮನೆಯಲ್ಲಿದ್ದಾರೆ, ಕಣ್ಣು ಮಂಜಾದರೂ ಮೊಬೈಲ್ ಬಿಡಲ್ಲ’ ಎಂದು ಬರೆದಿದ್ದಾನೆ. ಕಾಕಾನದು ಒಂದು ಪಕ್ಷ, ಇವನದು ಇನ್ನೊಂದು. 2023ರ ವಿಧಾನಸಭೆ ಚುನಾವಣೆಯಿಂದಲೇ ಫೇಸ್‌ಬುಕ್ಕಿನಲ್ಲಿ ಇಬ್ಬರ ಜಗ್ಗಾಟ ಶುರುವಾಗಿತ್ತು. ನಾಲ್ಕು ತಿಂಗಳ ಹಿಂದೆ ಗೋವಾ ಜೊತೆ ತಕರಾರಿರುವ ಮಹದಾಯಿ ನದಿ ನೀರಿನ ಬಗ್ಗೆ ಕಾಕಾ ಒಂದು ಪೋಸ್ಟ್ ಹಾಕಿದರು. ಇವನು ಕೆಳಗೆ ಬರೆದ. ಅವರು ತಿರುಗಿ ಬರೆದರು. ಗುರುತು ಪರಿಚಯ ಇಲ್ಲದವರೂ ಬಂದು ಕೂಡಿಕೊಂಡರು. 140 ಕಮೆಂಟ್ ಆಯಿತು. ಕೊನೆಗೆ ಕಾಕಾ, ‘ನಿಮ್ಮಪ್ಪ ಇದ್ದಿದ್ರ ಇದನ್ನ ಓದಿ ತಲಿ ತಗ್ಗಸ್ತಿದ್ದ’ ಎಂದು ಬರೆದರು. ಅವತ್ತಿನಿಂದ ಮಾತು ಬಂದ್.

ಈಗ ಕಾಕಾನ ಮಗಳಿಗೆ ಕುಬಸ, ಅಂದರೆ ಸೀಮಂತ. ಕಾಕಾಗೆ ಗಂಡುಮಕ್ಕಳಿಲ್ಲ, ಆ ಹುಡುಗಿಗೆ ತವರಿನ ಅಣ್ಣ ಅಂದರೆ ಇವನೇ. ಕಾಕಾನ ಹೆಂಡತಿ, ಕಾಕು, ಅವ್ವನಿಗೆ ಫೋನ್ ಮಾಡಿ ‘ಅವಂಗೂ ಬಾ ಅನ್ರಿ’ ಎಂದಿದ್ದಾರೆ. ಕಾಕಾ ಕರೆದಿಲ್ಲ. ‘ಅಕ್ಕಾರೇ, ಕಾಕಾನನ್ನು ಬ್ಲಾಕ್ ಮಾಡಲಾ? ಕುಬಸಕ್ಕೆ ಹೋಗಲಾ, ಬಿಡಲಾ?’ ಇದು ಪ್ರಶ್ನೆ.

ತಮ್ಮಾ, ನಿನ್ನದು ನಾಲ್ಕು ಪುಟದ ಪತ್ರ. ಅದರಲ್ಲಿ ಎರಡೂವರೆ ಪುಟ ಮಹದಾಯಿ ನೀರಿನ ಟಿಎಂಸಿ ಲೆಕ್ಕ. ಮೂರನೇ ಪುಟದ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ತುರುಕಿದ್ದೀಯ: ‘ನಡುವೆ ಒಂದ್ಸಲ ಅವರ ಅಕ್ಷರ ತಪ್ಪನ್ನ ತಮಾಷೆ ಮಾಡಿದ್ದೆ, ಗೆಳೆಯ ಅದನ್ನ ಸ್ಟಿಕ್ಕರ್ ಮಾಡಿದ, ಅದು ಬೇರೆ ವಿಷಯ.’

ನಾನು ಆ ಸಾಲಿನ ಹತ್ತಿರ ನಿಂತುಬಿಟ್ಟೆ. ಅದಕ್ಕೇ ನಿನಗೆ ತಿರುಗಿ ಬರೆದು ಸ್ಕ್ರೀನ್‌ಶಾಟ್ ತರಿಸಿಕೊಂಡೆ. ಪ್ರೆಸ್ಸಿನಲ್ಲಿ ಕಾಕಾನ ಕೆಲಸ ಏನಿತ್ತು ಅಂತಲೂ ಕೇಳಿದೆ. ‘ಮೊದಲು ಕಂಪೋಜಿಟರ್, ಆಮೇಲೆ ಪ್ರೂಫ್ ನೋಡ್ತಿದ್ರು, ಒಟ್ಟು 41 ವರ್ಷ’ ಎಂದು ನೀನು ಬರೆದೆ.

ಸ್ಕ್ರೀನ್‌ಶಾಟಿನಲ್ಲಿ ಇರುವುದು ಇದು. ಕಾಕಾ ‘ರೈತರ ಹೋರಾಟ’ ಎಂದು ಬರೆಯಲು ಹೋಗಿ ‘ರೈತರ ಹಾರಾಟ’ ಎಂದಾಗಿದೆ. ನೀನು ಅದರ ಕೆಳಗೆ, ‘ಕಾಕಾ, ಮೊದ್ಲು ಕಾಗುಣಿತ ಕಲೀರಿ, ಆಮ್ಯಾಲೆ ಹಾರಾಡ್ರಿ’ ಎಂದು ಬರೆದಿದ್ದೀಯ. 118 ಮಂದಿ ನಗುವ ಮುಖ ಒತ್ತಿದ್ದಾರೆ.

ಟೈಮ್ ನೋಡಿದೆಯಾ? ಅಲ್ಲಿಯವರೆಗೆ ನಿನ್ನ ಒಂದೊಂದು ಮಾತಿಗೂ ಕಾಕಾ ಐದು ನಿಮಿಷದೊಳಗೆ ಉತ್ತರ ಕೊಟ್ಟಿದ್ದಾರೆ. ಇದೊಂದಕ್ಕೆ ಉತ್ತರ ಇಲ್ಲ. ರಾತ್ರಿ 9.20ಕ್ಕೆ ನೀನು ಇದನ್ನು ಬರೆದೆ. ಅವರ ಮುಂದಿನ ಮಾತು ಬಂದಿದ್ದು ಮರುದಿನ ಬೆಳಗಿನ ಜಾವ 5.10ಕ್ಕೆ. ನಿಮ್ಮಪ್ಪನ ಹೆಸರು ಎತ್ತಿದ್ದು ಆಗ. ಆ ಎಂಟು ತಾಸು ಅವರು ಮಹದಾಯಿ ಬಗ್ಗೆ ಯೋಚನೆ ಮಾಡಿರುತ್ತಾರೆ ಅಂತ ನಿನಗೆ ಅನ್ನಿಸುತ್ತಾ?

ಅಚ್ಚಿನ ಮೊಳೆ ಜೋಡಿಸುವ ಕಂಪೋಜಿಟರ್ ಕೆಲಸ ನಿನ್ನ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ. ನಾನು ನೋಡಿದ್ದೇನೆ. 20ರ ವಯಸ್ಸಿನಲ್ಲಿ ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಕೆಳಗಿನ ಕೋಣೆಯಲ್ಲಿ ಪ್ರೆಸ್ಸು. ಕಂಪೋಜಿಟರ್ ನಿಂತೇ ಕೆಲಸ ಮಾಡಬೇಕು. ಎದುರಿಗೆ ಸಣ್ಣ ಸಣ್ಣ ಗೂಡುಗಳ ಕೇಸು, ಒಂದೊಂದು ಗೂಡಿನಲ್ಲಿ ಒಂದೊಂದು ಅಕ್ಷರದ ಮೊಳೆ. ಎಡಗೈಯಲ್ಲಿ ಸಾಲು ಕಟ್ಟಿಕೊಳ್ಳುತ್ತಾ ಬಲಗೈ ಗೂಡಿನಿಂದ ಗೂಡಿಗೆ ನೋಡದೆಯೇ ಓಡಾಡುತ್ತಿತ್ತು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಆ ಉಲ್ಟಾ ಸಾಲನ್ನು ಅವರು ನಾವು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು. ತಪ್ಪು ಸಿಕ್ಕರೆ ಆ ಮೊಳೆಯನ್ನು ಚಿಮಟದಲ್ಲಿ ಎತ್ತಿ, ಬೇರೆ ಮೊಳೆ ಕೂರಿಸಿ, ಸಾಲನ್ನು ಮತ್ತೆ ಬಿಗಿ ಮಾಡಬೇಕು. ಬೆರಳ ತುದಿ ಯಾವಾಗಲೂ ಕಪ್ಪು.

ಒಮ್ಮೆ ಒಂದು ಪ್ರೂಫಿನಲ್ಲಿ ಮೂರು ತಪ್ಪು ಸಿಕ್ಕವು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಬದಿಗೆ ‘ಕಾಗುಣಿತ!’ ಎಂದು ಬರೆದು ಕೆಳಗೆ ಕಳಿಸಿದೆ. ನನಗಿಂತ ಎರಡು ಪಟ್ಟು ವಯಸ್ಸಿನ ಕಂಪೋಜಿಟರ್ ಮೆಟ್ಟಿಲು ಹತ್ತಿ ಮೇಲೆ ಬಂದರು. ಹಾಳೆಯನ್ನು ನನ್ನ ಮುಂದೆ ಇಟ್ಟರು. ‘ಅಕ್ಕಾರ, ತಪ್ಪು ತೋರಸ್ರಿ, ತಿದ್ದತೀನಿ. ಆದ್ರ ಈ ಚಿಹ್ನೆ ಯಾಕ ಹಾಕಿದ್ರಿ?’ ಎಂದು ಆ ಆಶ್ಚರ್ಯ ಚಿಹ್ನೆಯ ಮೇಲೆ ಬೆರಳಿಟ್ಟರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಆ ಹಾಳೆ ನೋಡಿದ್ದು ನಾವಿಬ್ಬರೇ. ನಿನ್ನ ಮಾತನ್ನು 118 ಮಂದಿ ನೋಡಿ ನಕ್ಕಿದ್ದಾರೆ.

ಗದಗದ ಪ್ರೆಸ್ಸುಗಳಿಗೆ ನಾಡಿನಲ್ಲಿ ಒಂದು ಹೆಸರಿದೆ. ಅಂಥ ಊರಿನಲ್ಲಿ 41 ವರ್ಷ ಅಕ್ಷರ ತಿದ್ದಿದ ಮನುಷ್ಯ ನಿನ್ನ ಕಾಕಾ. ನೀನೇ ಮೊದಲ ಪುಟದಲ್ಲಿ ಬರೆದಿದ್ದೀಯ, 2015ರಲ್ಲಿ ನರಗುಂದದ ಮಹದಾಯಿ ಧರಣಿಗೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೋಗಿದ್ದಿರಿ ಅಂತ. ರೈತರ ಕರಪತ್ರದ ಪ್ರೂಫನ್ನು ಕಾಕಾ ಪುಕ್ಕಟೆ ನೋಡಿಕೊಟ್ಟಿದ್ದರು ಅಂತ. ‘ಹೋರಾಟ’ ಅನ್ನುವ ಅಕ್ಷರ ಅವರಿಗೆ ಗೊತ್ತಿಲ್ವಾ?

ಗೊತ್ತಿದೆ. ಕಾಣಿಸಿಲ್ಲ ಅಷ್ಟೆ. ಇಂಗ್ಲಿಷ್ ಕೀಲಿಯಲ್ಲಿ ಕನ್ನಡ ಹೊಡೆಯುವಾಗ ಒಂದು ‘ಓ’ ಬದಲು ‘ಎ’ ಒತ್ತಿದರೆ ಸಾಕು, ಮೊಬೈಲು ಹೋರಾಟವನ್ನು ಹಾರಾಟ ಮಾಡಿಬಿಡುತ್ತದೆ. ಕಣ್ಣು ಮಂಜಾಗಿದೆ ಎಂದು ನೀನೇ ಬರೆದಿದ್ದೀಯ, ಅದೂ ದೂರಿನ ಥರ.

ಆ ಸ್ಟಿಕ್ಕರ್ ಮಾಡಿದ ನಿನ್ನ ಗೆಳೆಯನ ಮೇಲೆ ನನಗೆ ನಿನಗಿಂತ ಜಾಸ್ತಿ ಸಿಟ್ಟಿದೆ. ನಿನಗೂ ಕಾಕಾಗೂ ಒಂದು ಜಗಳ ಇತ್ತು, ಒಂದು ವಿಷಯ ಇತ್ತು. ಅವನಿಗೆ ಏನಿತ್ತು? ಕಾಕಾನ ಪ್ರೊಫೈಲ್ ಫೋಟೋ ಕತ್ತರಿಸಿ, ಕೆಳಗೆ ‘ಹಾರಾಟ ಕಾಕಾ’ ಎಂದು ಹಾಕಿ, ಹಳೇ ಹಾಸ್ಟೆಲ್ ಗ್ರೂಪಿಗೆ ಬಿಟ್ಟ. ಅಲ್ಲಿಂದ ಅದು ಗದಗದ ಗ್ರೂಪಿಗೆ ಹೋಯಿತು. ಕಾಕಾನ ಜೊತೆ ಮುಂಜಾನೆ ವಾಕಿಂಗ್ ಹೋಗುವವರೊಬ್ಬರು ಅವರಿಗೇ ತೋರಿಸಿದರಂತೆ. ಅದಾದ ಮೇಲೆ ಕಾಕಾ ವಾಕಿಂಗ್ ಬಿಟ್ಟಿದ್ದಾರೆ ಅಂತ ಕಾಕು ಅವ್ವನಿಗೆ ಹೇಳಿದ್ದಾರೆ. ಜಗಳದ ಬದಿಗೆ ನಿಂತು ಕಡ್ಡಿ ಗೀರುವವರನ್ನು ನಾನು ಈ ಅಂಕಣದಲ್ಲಿ ಎಂದೂ ಕ್ಷಮಿಸಿಲ್ಲ, ಇವನನ್ನೂ ಕ್ಷಮಿಸುವುದಿಲ್ಲ. ವಾಟ್ಸಾಪಿನಲ್ಲಿ ಎಲ್ಲರಿಗೂ ಅಳಿಸುವ ಅವಕಾಶ ಎರಡು ದಿನ ಚಿಲ್ಲರೆ ಮಾತ್ರ. ಅಷ್ಟರೊಳಗೆ ಬೇರೆಯವರು ಮುಂದೆ ಕಳಿಸಿದ್ದರೆ ಅದೂ ಉಪಯೋಗವಿಲ್ಲ. ಆ ಚಿತ್ರ ಇನ್ನು ವಾಪಸ್ ಬರುವುದಿಲ್ಲ. ಅವನನ್ನು ಗೆಳೆಯ ಅಂತ ಇಟ್ಟುಕೊಳ್ಳುವುದು ಬಿಡುವುದು ನಿನಗೆ ಬಿಟ್ಟಿದ್ದು.

ಇನ್ನು ನಿಮ್ಮ ಟಿಎಂಸಿ. ಪೂರಾ ಓದಿದೆ. ಇಬ್ಬರೂ 13.42 ಟಿಎಂಸಿ ಹಿಡಿದುಕೊಂಡು ಹೊಡೆದಾಡಿದ್ದೀರಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ ಕೊಟ್ಟಿದ್ದು ಅಷ್ಟು ನಿಜ. ಅದರಲ್ಲಿ 8.02 ವಿದ್ಯುತ್ತಿಗೆ, 1.5 ಆ ಕಣಿವೆಯೊಳಗಿನ ಬಳಕೆಗೇ. ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆ ತೀರ್ಪನ್ನು ಗೆಜೆಟಿನಲ್ಲಿ ಹಾಕಿತು. 2022ರ ಡಿಸೆಂಬರಿನಲ್ಲಿ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿತು. ತೀರ್ಪು ಬಂದಾಗಿನಿಂದ ಬೆಂಗಳೂರಿನಲ್ಲಿ ಮೂರೂ ಪಕ್ಷಗಳು ಅಧಿಕಾರ ಮಾಡಿವೆ. ನಿಮ್ಮ 140 ಕಮೆಂಟಿನಲ್ಲಿ 13.42 ಇಪ್ಪತ್ತು ಸಲ ಬಂದಿದೆ, 3.9 ಒಂದು ಸಲವೂ ಬಂದಿಲ್ಲ. ಹುಬ್ಬಳ್ಳಿಯಲ್ಲಿ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಅಂತ ಅವ್ವನಿಗೆ ಗೊತ್ತು, ಕೊಡ ತುಂಬುವವಳು ಅವಳೇ ಅಲ್ವಾ? ಅವಳನ್ನು ಕೇಳಿದ್ದರೆ ನೀರಿನ ಬಗ್ಗೆ ಒಂದಾದರೂ ಕೆಲಸಕ್ಕೆ ಬರುವ ಮಾತು ಆ ಜಗಳದಲ್ಲಿ ಸೇರುತ್ತಿತ್ತು.

ಕಾಕಾ ತಪ್ಪು ಮಾಡಿಲ್ಲ ಅನ್ನುತ್ತಿಲ್ಲ. ಸತ್ತ ಅಣ್ಣನನ್ನು ಜಗಳದೊಳಗೆ ಎಳೆದು ತಂದಿದ್ದು ತಪ್ಪು. ಅದು ನಿನಗೆ ಎಲ್ಲಿ ತಾಗಿತು ಅಂತ ನನಗೆ ಗೊತ್ತಾಗುತ್ತದೆ. ಆದರೆ ಅವರು ಪತ್ರ ಬರೆದಿಲ್ಲ, ಬರೆದವನು ನೀನು. ನಿನಗೆ ಹೇಳುವುದನ್ನು ನಿನಗೇ ಹೇಳಬೇಕು.

ಬೈಯಲು ಬಂದ ಬೇರೆಯವರ ವಿಷಯ ಬೇಗ ಮುಗಿಸುತ್ತೇನೆ. ಸುಮ್ನೆ ಬೈದವರನ್ನು ಬ್ಲಾಕ್ ಮಾಡು, ಉತ್ತರ ಕೊಡಬೇಡ. ನೀನು ಒಂದು ಉತ್ತರ ಕೊಟ್ಟರೆ ಆ ಪೋಸ್ಟು ಇನ್ನಷ್ಟು ಜನರ ಕಣ್ಣಿಗೆ ಬೀಳುತ್ತದೆ. ಫೇಸ್‌ಬುಕ್ ನಡೆಯುವುದೇ ಹಾಗೆ, ಮಾತು ಜಾಸ್ತಿ ಆದಷ್ಟೂ ಅದನ್ನು ಮೇಲೆ ತರುತ್ತದೆ. ಕಾಕಾನ ಪೋಸ್ಟನ್ನು ಊರಿಗೆಲ್ಲ ಹಂಚಿದ್ದರಲ್ಲಿ ನಿನ್ನ ಪಾಲೂ ಇದೆ. ಒಬ್ಬ ಮಾತ್ರ ‘ಆಫೀಸಿಗೆ ಬಂದು ಬುದ್ಧಿ ಕಲಿಸ್ತೀವಿ’ ಎಂದಿದ್ದಾನೆ. ಅದು ಬೆದರಿಕೆ. ಹೆಸರು, ತಾರೀಕು, ಲಿಂಕು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಹುಬ್ಬಳ್ಳಿಯ ಸೈಬರ್ ಪೊಲೀಸ್ ಠಾಣೆಗೆ ಕೊಡು. ಒಂದು ವಾಟ್ಸಾಪ್ ಸ್ಟೇಟಸ್ಸಿನಿಂದ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಕಲ್ಲು ತೂರಿದ್ದನ್ನು ನಮ್ಮೂರು 2022ರ ಏಪ್ರಿಲಿನಲ್ಲಿ ನೋಡಿದೆ. ‘ಬರೀ ಮೊಬೈಲ್ ಮಾತು’ ಎಂದು ಬಿಡಬೇಡ.

ಕಾಕಾನನ್ನು ಬ್ಲಾಕ್ ಮಾಡಬೇಡ. ಬ್ಲಾಕ್ ಮಾಡಿದರೆ ಅವರ ಮೊಬೈಲಿನಲ್ಲಿ ನಿನ್ನ ಹೆಸರೇ ಸಿಗುವುದಿಲ್ಲ. ನಾಲ್ಕು ತಿಂಗಳಿಂದ ಮಾತಾಡದಿದ್ದರೂ ಅವರು ನಿನ್ನ ಮಗನ ಫೋಟೋಕ್ಕೆ ಲೈಕ್ ಒತ್ತಿದ್ದಾರೆ. ಇದೂ ನೀನು ಕಳಿಸಿದ ಸ್ಕ್ರೀನ್‌ಶಾಟಿನಲ್ಲೇ ಇದೆ, ನೀನು ಗಮನಿಸಿಲ್ಲ. ಅವರ ಪೋಸ್ಟ್ ನೋಡಿದರೆ ಕೈ ಸುಮ್ಮನಿರುವುದಿಲ್ಲ ಅಂತಾದರೆ ಅನ್‌ಫಾಲೋ ಮಾಡು. ಅದು ಅವರಿಗೆ ಗೊತ್ತಾಗುವುದಿಲ್ಲ.

ನೀನು ಮಾಡಬೇಕಾದ ಕೆಲಸ ಒಂದೇ. ಎಲ್ಲಿ ಅಂದೆಯೋ ಅಲ್ಲೇ ತಪ್ಪೊಪ್ಪಿಕೊಳ್ಳಬೇಕು. ನನ್ನ ಓದುಗರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಾಲ್ಕು ಮಂದಿ ಎದುರು ಅವಮಾನ ಮಾಡಿ, ಆಮೇಲೆ ಅಡುಗೆಮನೆಯಲ್ಲಿ ಕಿವಿಯಲ್ಲಿ ತಪ್ಪಾಯ್ತು ಅನ್ನುವ ಕ್ಷಮೆ ನನಗೆ ಒಪ್ಪಿಗೆ ಇಲ್ಲ. ಅದೇ ಪೋಸ್ಟಿಗೆ ಹೋಗು. ಹಳೇ ಕಮೆಂಟನ್ನು ಈಗಲೇ ಅಳಿಸಬೇಡ, ತಿದ್ದಬೇಡ. ಹೊಸದಾಗಿ ಬರೆ. ಏನು ಬರೆಯಬೇಕು ಅಂತ ನಾನೇ ಹೇಳುತ್ತೇನೆ:

‘ಕಾಕಾ, ಅವತ್ತು ನಿಮ್ಮ ಅಕ್ಷರದ ಬಗ್ಗೆ ನಾ ಆಡಿದ್ದು ತಪ್ಪು. 41 ವರ್ಷ ಮಂದಿ ಕಾಗುಣಿತ ತಿದ್ದಿದ ಕೈ ನಿಮ್ಮದು. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದನ ವಾಪಸ್ ತಗೋತೀನಿ.’

ಇಷ್ಟೇ. ಇದಕ್ಕೆ ‘ಆದರೆ’ ಅಂತ ಬಾಲ ಕಟ್ಟಬೇಡ. ಮಹದಾಯಿ ಎತ್ತಬೇಡ. ನಿಮ್ಮಪ್ಪನ ಮಾತು ಎತ್ತಬೇಡ. ಕೈ ಮುಗಿಯುವ ಚಿತ್ರವೂ ಬೇಡ. ನಿನ್ನ ಪಕ್ಷ ನಿನಗಿರಲಿ, ಅದನ್ನು ಬಿಡು ಅಂತ ನಾನು ಹೇಳುತ್ತಿಲ್ಲ. ಕೆಳಗೆ ಯಾರಾದರೂ ‘ಸೋತ’ ಎಂದು ಬರೆದರೆ ಬರೆದುಕೊಳ್ಳಲಿ. ಕಾಕಾ ಓದಿದ್ದಾರೆ ಅಂತ ಗೊತ್ತಾದ ಮೇಲೆ ಹಳೇದನ್ನು ಅಳಿಸು, ಅದರ ಕೆಳಗಿನ ನಗೆಯೆಲ್ಲ ಅದರ ಜೊತೆಗೇ ಹೋಗುತ್ತದೆ.

ಕುಬಸದ ಪ್ರಶ್ನೆ ಪ್ರಶ್ನೆಯೇ ಅಲ್ಲ. ಕಾಕು ಕರೆದರೆ ಮನೆ ಕರೆದಂತೆ. ಹಸಿರು ಸೀರೆ, ಹಸಿರು ಬಳೆ ತಗೊಂಡು ಅವ್ವನನ್ನು ಕರೆದುಕೊಂಡು ಹೋಗು. ಹುಬ್ಬಳ್ಳಿಯಿಂದ ಗದಗ 60 ಕಿಲೋಮೀಟರ್ ಕೂಡ ಇಲ್ಲ. ಬಸುರಿ ತಂಗಿ ಅಣ್ಣನ ದಾರಿ ಕಾಯುತ್ತಾಳೆ, ಅವಳಿಗೆ ಯಾವ ಪಕ್ಷದ ಗೊಡವೆಯೂ ಇಲ್ಲ. ಕಾಕಾ ಅವತ್ತು ಮಾತಾಡದೆ ಇರಬಹುದು. ಬಡಿಸುವಾಗ ನಿನ್ನ ಎಲೆ ದಾಟಿ ಮುಂದೆ ಹೋಗಬಹುದು. ಎದ್ದು ಬರಬೇಡ, ಪಂಕ್ತಿ ಏಳುವ ತನಕ ಕೂತಿರು. ಅವಕಾಶ ಸಿಕ್ಕರೆ ಕಣ್ಣಿನ ಮಾತು ತೆಗೆ. ಪೊರೆ ಬಂದಿದೆಯೋ ಏನೋ, ಹುಬ್ಬಳ್ಳಿಗೆ ಬನ್ನಿ, ನಾನೇ ತೋರಿಸುತ್ತೇನೆ ಅನ್ನು.

ಕುಬಸಕ್ಕೆ ಇನ್ನೂ 18 ದಿನ ಇದೆ ಎಂದು ಬರೆದಿದ್ದೀಯ. ಕಮೆಂಟಿಗೆ ಅಷ್ಟು ದಿನ ಇಲ್ಲ. ಇವತ್ತೇ ಬರೆ, ರಾತ್ರಿ 9.20ರ ಒಳಗೆ.